ಫೈಲ್ ಒಂದೇ, ಮಷೀನ್ ಎರಡು

ಶಿಕಾರಿಪುರದಲ್ಲಿ ನನ್ನ ಸೋದರಮಾವನದ್ದು ಮರಗೆಲಸದ ವರ್ಕ್‌ಶಾಪ್. ಉಳಿ, ಕೊಡತಿ ಜೊತೆಗೆ ಈಗ ಒಂದು ಸಿಎನ್‌ಸಿ ರೂಟರ್ ಕೂಡ ಇದೆ. ರೂಟರ್ ಅಂದ್ರೆ ಮರಕ್ಕೆ ಹೊಂದಿಸಿದ ಮಿಲ್ಲಿಂಗ್ ಮಷೀನ್ ಅಷ್ಟೆ. ನಾನು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವಳು. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಾಗಲೆಲ್ಲ ಮಾವನಿಗೆ ಡಿಸೈನ್ ಮಾಡಿಕೊಡೋದು ನನ್ನ ಕೆಲಸ.

ಕಳೆದ ವರ್ಷ ಮಾವ ಸೊರಬದಲ್ಲಿ ಇನ್ನೊಂದು ಶೆಡ್ ಹಾಕಿದರು. ಅಲ್ಲಿಗೆ ಬೇರೆ ಕಂಪನಿಯ ಸೆಕೆಂಡ್ ಹ್ಯಾಂಡ್ ರೂಟರ್ ಬಂತು. "ಇದಕ್ಕೆ ಬೇರೆ ಸಾಫ್ಟ್‌ವೇರ್ ತಗೋಬೇಕೇನೇ?" ಅಂತ ಕೇಳಿದರು. "ಬೇಡ ಮಾವ, ಎಲ್ಲಾ ಮಷೀನೂ ಓದೋದು ಜಿ-ಕೋಡೇ" ಅಂದೆ. ಅರ್ಧ ಸತ್ಯ ಹೇಳಿದ್ದೆ. ಅದರ ಬೆಲೆ ಒಂದು ತೇಗದ ಬಾಗಿಲು.

ಗೃಹಪ್ರವೇಶಕ್ಕೆ ಹನ್ನೊಂದು ದಿನ ಇದ್ದ ಮನೆಯೊಂದರ ಮುಂಬಾಗಿಲು ಅದು. ಶಿಕಾರಿಪುರದ ಮಷೀನ್ ಬೇರೆ ಕೆಲಸದಲ್ಲಿತ್ತು. ಹಲಗೆ ಸೊರಬದಲ್ಲೇ ಇತ್ತು. ಹಳೇ ಮಷೀನಿಗೆ ಮಾಡಿದ್ದ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಶಿರಾಳಕೊಪ್ಪದ ಮೇಲೆ ಹೋಗೋ ಬಸ್ ಹತ್ತಿದೆ.

ಹೂವಿನ ಸುತ್ತ 40 ಮಿಲಿಮೀಟರ್ ತ್ರಿಜ್ಯದ ಉಂಗುರ ಬರಬೇಕಿತ್ತು. ಬಿಟ್ ಮರಕ್ಕೆ ಇಳಿದದ್ದೇ, ಉಂಗುರ ಬಿಟ್ಟು ಬಾಗಿಲಿಗೆ ಅಡ್ಡಲಾಗಿ ಹೊರಟಿತು. ಮಾವ ಓಡಿ ಬಂದು ಎಮರ್ಜೆನ್ಸಿ ಸ್ಟಾಪ್ ಒತ್ತುವಷ್ಟರಲ್ಲಿ ಹಲಗೆಗೆ ಮೂರು ಮಿಲಿಮೀಟರ್ ಆಳದ ಗೀರು ಬಿದ್ದಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಿದ್ದೇನು? ದಾರಿ ಕೇಳಿದವರಿಗೆ "20 ಕಿಲೋಮೀಟರ್ ಹೋಗಿ" ಅಂದರೆ, ನಿಂತ ಜಾಗದಿಂದಲೋ ಶಿವಮೊಗ್ಗದಿಂದಲೋ? ಹಾಗೇ ಜಿ-ಕೋಡ್‌ನಲ್ಲಿ ಜಿ2, ಜಿ3 ಅಂದರೆ ವೃತ್ತ, ಐ ಮತ್ತು ಜೆ ಅದರ ಕೇಂದ್ರ. ಹಳೇ ಮಷೀನ್ ಆ ಕೇಂದ್ರವನ್ನು ಬಿಟ್ ನಿಂತ ಜಾಗದಿಂದ ಅಳೆಯುತ್ತಿತ್ತು. ಸೊರಬದ ಮಷೀನ್ ಸೊನ್ನೆ ಇಟ್ಟ ಮೂಲೆಯಿಂದ ಅಳೆಯೋ ಹಾಗೆ ಸೆಟ್ ಆಗಿತ್ತು. 40 ಮಿಲಿಮೀಟರ್ ತ್ರಿಜ್ಯ ಸುಮಾರು 1,260 ಆಯಿತು. ವೃತ್ತ ಪೂರ್ಣವಾಗಿದ್ದರಿಂದ ಶುರುವಾದ ಜಾಗ, ಮುಗಿಯೋ ಜಾಗ ಒಂದೇ. ಹಾಗಾಗಿ ಮಷೀನಿಗೆ ತಪ್ಪು ಕಾಣಲಿಲ್ಲ, ಅಲಾರಂ ಕೂಡ ಬರಲಿಲ್ಲ.

ಜಿ-ಕೋಡ್‌ಗೆ 1982ರಿಂದ ಐಎಸ್‌ಒ 6983 ಅನ್ನೋ ಮಾನದಂಡ ಇದೆ. ಆದರೂ ಮಂಡ್ಯ ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ ಪ್ರತಿ ಕಂಟ್ರೋಲರ್‌ಗೂ ತನ್ನದೇ ಮಾತಿನ ರೀತಿ. ಹೈಡನ್‌ಹೈನ್‌ಗಂತೂ ವೃತ್ತಕ್ಕೆ ಬೇರೆ ಭಾಷೆಯೇ ಇದೆ, ಮೊದಲು ಕೇಂದ್ರ ಹೇಳಬೇಕು, ಆಮೇಲೆ ವೃತ್ತ. ಮಷೀನಿನ ಮೈಮೇಲಿನ ಬ್ರ್ಯಾಂಡ್ ನೋಡಿದರೂ ಸಾಲದು. ಬೆಂಗಳೂರಿನ ಬಿಎಫ್‌ಡಬ್ಲ್ಯೂ ಮಷೀನಲ್ಲೇ ಒಂದಕ್ಕೆ ಫಾನುಕ್, ಇನ್ನೊಂದಕ್ಕೆ ಸೀಮೆನ್ಸ್ ಕಂಟ್ರೋಲರ್ ಇರಬಹುದು.

ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಪೋಸ್ಟ್ ಪ್ರೊಸೆಸರ್ ಇರುತ್ತೆ. ಬಿಟ್ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದನ್ನು ಆಯಾ ಕಂಟ್ರೋಲರ್‌ನ ಮಾತಿಗೆ ಅನುವಾದಿಸೋದು ಅದರ ಕೆಲಸ. ಸಾಫ್ಟ್‌ವೇರ್ ಒಂದೇ ಸಾಕು ಅಂತ ನಾನು ಹೇಳಿದ್ದು ಸರಿಯೇ. ಆದರೆ ಮಷೀನಿಗೊಂದು ಪೋಸ್ಟ್ ಬೇಕು, ಫೈಲನ್ನು ಪ್ರತಿ ಸಲ ಅದರಿಂದಲೇ ತೆಗೀಬೇಕು.

ಮರುದಿನ ಶೆಡ್‌ಗೆ ಬಂದವರು ಮಾವನ ಪರಿಚಯದ ಗುಡಿಗಾರ ಹಿರಿಯರು. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಗೊತ್ತಲ್ಲ, ಆ ಕೈ. ಗೀರಿನ ಮೇಲೆ ಬೆರಳಾಡಿಸಿ, "ನಾವು ಪೆನ್ಸಿಲ್‌ನಲ್ಲಿ ಬರ್ಕೊಳ್ದೆ ಉಳಿ ಇಡಲ್ಲ ಕಣಮ್ಮ. ನಿನ್ನ ಮಷೀನು ಬರ್ಕೊಳ್ಳುತ್ತಾ?" ಅಂದರು.

ಬರ್ಕೊಳ್ಳುತ್ತೆ! ಸ್ಪಿಂಡಲ್ ತಿರುಗದ ಹಾಗೆ ಮಾಡಿ, ಬಿಟ್ ಬದಲು ಪೆನ್ಸಿಲ್ ಕಟ್ಟಿ, ಹಲಗೆ ಮೇಲೆ ಪೇಪರ್ ಅಂಟಿಸಿ, ಕೆತ್ತನೆಯ ಆಳವನ್ನು ಅರ್ಧ ಮಿಲಿಮೀಟರಿಗೆ ಇಳಿಸಿದೆ. ಸೊರಬದ ಪೋಸ್ಟ್‌ನಲ್ಲಿ ಜಿ91.1 ಸೇರಿಸಿದೆ. ಕೇಂದ್ರವನ್ನು ನಿಂತಲ್ಲಿಂದಲೇ ಅಳಿ ಅನ್ನೋ ಆಜ್ಞೆ ಅದು. ಎಲ್ಲಾ ಕಂಟ್ರೋಲರ್‌ಗೂ ಇದು ಅರ್ಥವಾಗಲ್ಲ, ಈ ಮಷೀನಿಗೆ ಆಯಿತು. ಪೇಪರ್ ಮೇಲೆ ಉಂಗುರ ದುಂಡಗೆ ಬಂತು.

ಹೊಸ ಹಲಗೆಯ ದುಡ್ಡು ನಾನೇ ಕೊಟ್ಟೆ. ಗೃಹಪ್ರವೇಶದ ಹಿಂದಿನ ಸಂಜೆ ಬಾಗಿಲು ಕೂತಿತು.

ನಿಮ್ಮ ಮನೆಯವರದ್ದೋ ಸ್ನೇಹಿತರದ್ದೋ ವರ್ಕ್‌ಶಾಪ್‌ಗೆ ಎರಡನೇ ಮಷೀನ್ ಬಂದರೆ ಹಳೇ ಫೈಲ್ ನೇರ ಹಾಕಬೇಡಿ. ಮಿಲಿಮೀಟರೋ ಇಂಚೋ, ಎತ್ತರದ ಸೊನ್ನೆ ಮರದ ಮೇಲೋ ಮೇಜಿನ ಮೇಲೋ, ವೃತ್ತದ ಕೇಂದ್ರ ಎಲ್ಲಿಂದ, ಈ ಮೂರನ್ನು ಕೇಳಿಕೊಳ್ಳಿ. ಆಮೇಲೆ ಪೆನ್ಸಿಲ್ ಕಟ್ಟಿ ಒಂದು ಸಲ ಓಡಿಸಿ.

ಗೀರು ಬಿದ್ದ ಹಲಗೆ ಈಗ ಸೊರಬದ ಶೆಡ್‌ನಲ್ಲಿ ಟೇಬಲ್ ಆಗಿದೆ. ಲ್ಯಾಪ್‌ಟಾಪ್ ಇಡೋಕೆ ಮಾವ ನನಗೆ ಕೊಡೋ ಜಾಗ ಅದೇ.