ಆರೋಗ್ಯ ದಾಖಲೆಯ ಡಿಜಿಟಲೀಕರಣ: ಸಮ್ಮತಿ ಯಾರದು?

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಅನೇಕ ಕಾಯಕಜೀವಿಗಳ ಆರೋಗ್ಯದ ಚರಿತ್ರೆ ಇಂದಿಗೂ ಒಂದು ಪ್ಲಾಸ್ಟಿಕ್ ಚೀಲದಲ್ಲಿದೆ. ಔಷಧದ ಚೀಟಿ, ಮಾಸಿದ ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ. ಚೀಲ ಕಳೆದರೆ ಪರೀಕ್ಷೆಗಳೆಲ್ಲ ಮೊದಲಿನಿಂದ. ಅದರೊಡನೆ ಒಂದು ದಿನದ ಕೂಲಿಯೂ ನಷ್ಟ. ಆದುದರಿಂದ ದಾಖಲೆಗಳು ಗಣಕಕ್ಕೇರುವುದು ಸ್ವಾಗತಾರ್ಹವೇ. ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಬೊಮ್ಮಸಂದ್ರದಲ್ಲಿರುವ ನಾರಾಯಣ ಹೆಲ್ತ್‌ನಂತಹ ದೊಡ್ಡ ಸಂಸ್ಥೆ ‘ಆತ್ಮ’ ಎಂಬ ಸ್ವಂತ ತಂತ್ರಾಂಶವನ್ನೇ ರೂಪಿಸಿಕೊಂಡಿದೆ. ಬೀದಿಬದಿಯ ಸಣ್ಣ ನರ್ಸಿಂಗ್ ಹೋಮ್‌ಗೆ ಆ ಶಕ್ತಿಯಿಲ್ಲ.

2021ರ ಸೆಪ್ಟೆಂಬರ್ 27ರಂದು ರಾಷ್ಟ್ರವ್ಯಾಪಿ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ‘ಆಭಾ’ ಸಂಖ್ಯೆಯನ್ನು ನೀಡುತ್ತದೆ. ಇದು ಕಡ್ಡಾಯವಲ್ಲ. ದಾಖಲೆಗಳು ದಿಲ್ಲಿಯ ಒಂದೇ ಉಗ್ರಾಣವನ್ನು ಸೇರುವುದಿಲ್ಲ, ಆಯಾ ಆಸ್ಪತ್ರೆಯಲ್ಲಿಯೇ ಉಳಿಯುತ್ತವೆ. ಬೇರೊಬ್ಬ ವೈದ್ಯರು ನೋಡಬಯಸಿದರೆ ಯಾವ ದಾಖಲೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದನ್ನು ರೋಗಿ ಒಪ್ಪಬೇಕು. ವಿನ್ಯಾಸ ಚೆನ್ನಾಗಿದೆ.

ತೊಡಕಿರುವುದು ನೋಂದಣಿಯ ಕಿಟಕಿಯಲ್ಲಿ. ಸಾಲು ಉದ್ದವಾಗಿರುವಾಗ ‘ಒಟಿಪಿ ಹೇಳಿ’ ಎಂದರೆ ರೋಗಿ ಹೇಳಿಬಿಡುತ್ತಾನೆ. ತಾನು ಯಾವುದಕ್ಕೆ ಒಪ್ಪಿದೆನೆಂಬುದು ಅವನಿಗೆ ತಿಳಿಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮ್ಮತಿ ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕೆನ್ನುತ್ತದೆ. ಅದರ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ಇರಬೇಕೆಂದು ವಿಧಿಸುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ದೊರೆತಿದೆ.

ಇದೇ ಕಾಯ್ದೆ ಆರೋಗ್ಯದ ಮಾಹಿತಿಯನ್ನು ಪ್ರತ್ಯೇಕ ಸೂಕ್ಷ್ಮ ವರ್ಗವೆಂದು ಗುರುತಿಸಿಲ್ಲ. 2011ರ ನಿಯಮಗಳು ಗುರುತಿಸಿದ್ದವು. ಉದ್ಯೋಗಕ್ಕೆ ಸಂಬಂಧಿಸಿದ ಕೆಲವು ಉದ್ದೇಶಗಳಿಗೆ ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ. ಕ್ಷಯರೋಗದ ಚಿಕಿತ್ಸೆ ಪಡೆದ ಗುತ್ತಿಗೆ ಕಾರ್ಮಿಕನಿಗೆ ಈ ಸಾಲು ಭಯ ಹುಟ್ಟಿಸದೆ ಇರದು. ಸಂಗತಿ ಹೊರಬಿದ್ದರೆ ಅವನು ಕಳೆದುಕೊಳ್ಳುವುದು ಕೆಲಸವನ್ನು.

ಭದ್ರತೆಯ ಮಾತೂ ಇದೆ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆದಾಗ ಹಲವು ದಿನ ಕೈಬರಹದಲ್ಲಿಯೇ ಕೆಲಸ ಸಾಗಿತು. ಈಗಿನ ಕಾಯ್ದೆಯಲ್ಲಿ ಸುರಕ್ಷತಾ ಲೋಪಕ್ಕೆ 250 ಕೋಟಿ ರೂಪಾಯಿಯವರೆಗೆ ದಂಡವುಂಟು.

ಆಸ್ಪತ್ರೆಗಳು ನೋಂದಣಿ ಕಿಟಕಿಯಲ್ಲಿ ಸಮ್ಮತಿಯ ಒಕ್ಕಣೆಯನ್ನು ರೋಗಿಯ ಭಾಷೆಯಲ್ಲಿ ಓದಿ ಹೇಳುವವರೊಬ್ಬರನ್ನು ಇರಿಸಬೇಕು. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳ ವಿಷಯದಲ್ಲಿ ಅದೂ ಸಾಲದು. ಮನೆಯಲ್ಲಿರುವುದು ಒಂದೇ ಮೊಬೈಲ್, ಅದು ಗಂಡನ ಜೇಬಿನಲ್ಲಿದ್ದರೆ, ಆಕೆಯ ಗರ್ಭಕೋಶದ ವರದಿಗೆ ಒಪ್ಪಿಗೆ ಕೇಳುವ ಸಂದೇಶ ತಲಪುವುದು ಅವನನ್ನೇ.