ಎಣಿಸಿದ್ದು ಸಿಮ್ಮನ್ನೋ, ಮನುಷ್ಯರನ್ನೋ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ 85 ಎಂಬ ಅಂಕಿ ಎರಡು ಕಡೆ ಸಿಗುತ್ತದೆ. ಒಂದು, ದೇಶದ ದೂರವಾಣಿ ಸಾಂದ್ರತೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೇಳುವಂತೆ 2024ರ ಮಾರ್ಚ್ ಕೊನೆಗೆ ಅದು 85.69. ಇನ್ನೊಂದು, ಸ್ಮಾರ್ಟ್‌ಫೋನ್ ಇರುವ ಮನೆಗಳ ಪ್ರಮಾಣ. ಕೇಂದ್ರ ಸರ್ಕಾರ 2025ರ ಜನವರಿಯಿಂದ ಮಾರ್ಚ್‌ವರೆಗೆ ನಡೆಸಿದ ದೂರಸಂಪರ್ಕ ಸಮೀಕ್ಷೆಯಲ್ಲಿ ಅದು ಶೇ 85.5. ನೋಡಲು ಎರಡೂ ಒಂದೇ. ಆದರೆ ಮೊದಲನೆಯದು ಎಣಿಸುವುದು ಸಂಪರ್ಕಗಳನ್ನು, ಎರಡನೆಯದು ಎಣಿಸುವುದು ಮನೆಗಳನ್ನು. ಫೋನ್ ಕೈಯಲ್ಲಿರುವ ಮನುಷ್ಯರು ಎಷ್ಟು ಎಂಬ ಪ್ರಶ್ನೆಗೆ ಇವೆರಡರಲ್ಲಿ ಯಾವುದೂ ಉತ್ತರವಲ್ಲ.

ಒಂದು ಅಂಕದ ಪ್ರಶ್ನೆಗಷ್ಟೇ ಸಂಬಂಧಿಸಿದ ವಿಷಯ ಇದಲ್ಲ. ನೇಮಕಾತಿ ಅರ್ಜಿ, ಹಾಲ್ ಟಿಕೆಟ್, ವಿದ್ಯಾರ್ಥಿವೇತನ, ದಾಖಲೆ ಪರಿಶೀಲನೆಯ ದಿನಾಂಕ ಎಲ್ಲವೂ ಈಗ ಫೋನಿಗೆ ಬರುತ್ತವೆ. ‘ಎಲ್ಲರ ಹತ್ತಿರವೂ ಫೋನ್ ಇದೆಯಲ್ಲ’ ಎಂಬ ನಂಬಿಕೆಯ ಹಿಂದೆ ಇಂಥ ಅಂಕಿಗಳಿರುತ್ತವೆ. ಬಸ್ಸು, ರಸ್ತೆ, ರೈಲಿನ ವಿಷಯವೂ ಹಾಗೆಯೇ. ಅಂಕಿ ಸುಳ್ಳಲ್ಲ. ಅದು ಯಾವುದರ ಲೆಕ್ಕ ಎಂದು ಕೇಳದೆ ಬಳಸಿದಾಗ ತೊಂದರೆ ಶುರುವಾಗುತ್ತದೆ.

ನಾಲ್ಕು ಜನ, ಮೂರು ಸಿಮ್

ದೂರವಾಣಿ ಸಾಂದ್ರತೆ ಎಂದರೆ ನೂರು ಜನರಿಗೆ ಎಷ್ಟು ಸಂಪರ್ಕಗಳಿವೆ ಎಂಬ ಲೆಕ್ಕ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾಲ್ಕು ಜನರ ಮನೆ ಇದೆ ಎಂದುಕೊಳ್ಳಿ. ಅಪ್ಪನ ಹತ್ತಿರ ಒಂದು ಸಿಮ್, ಮಗನ ಹತ್ತಿರ ಎರಡು. ಅಮ್ಮ ಮತ್ತು ಮಗಳ ಹತ್ತಿರ ಫೋನಿಲ್ಲ. ನಾಲ್ವರಿಗೆ ಮೂರು ಸಂಪರ್ಕ, ಸಾಂದ್ರತೆ 75. ಅಪ್ಪ ಇನ್ನೊಂದು ಸಿಮ್ ಹಾಕಿಸಿಕೊಂಡರೆ ಅದು 100 ಆಗುತ್ತದೆ. ಅಮ್ಮ, ಮಗಳ ಕೈ ಆಗಲೂ ಖಾಲಿ. ಇದೇ ಮನೆಗೆ ಸಮೀಕ್ಷೆಯವರು ಬಂದು ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ’ ಎಂದು ಕೇಳಿದರೆ ಉತ್ತರ ‘ಇದೆ’.

ಮನುಷ್ಯರನ್ನೇ ಕೇಳಿದ ಲೆಕ್ಕವೂ ಉಂಟು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರನ್ನು, ‘ನೀವೇ ಬಳಸುವ ಮೊಬೈಲ್ ನಿಮ್ಮಲ್ಲಿದೆಯೇ’ ಎಂದು ಕೇಳಲಾಯಿತು. ಹೌದು ಎಂದವರು ಸುಮಾರು ಶೇ 54. ಗ್ರಾಮೀಣ ಭಾಗದಲ್ಲಿ ಅರ್ಧಕ್ಕಿಂತ ಕಡಿಮೆ. ಸಮೀಕ್ಷೆಯ ವರ್ಷ ಬೇರೆ, ಅಳತೆಯ ಘಟಕ ಬೇರೆ. ಹಾಗಾಗಿ 85ರಲ್ಲಿ 54 ಕಳೆದು ‘ಅಂತರ ಇಷ್ಟು’ ಎನ್ನುವಂತಿಲ್ಲ. ಆದರೆ ಮಗಳ ಹಾಲ್ ಟಿಕೆಟ್ ಸಂದೇಶ ಅಣ್ಣನ ಫೋನಿಗೆ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಈ ಮೂರನೆಯ ಪ್ರಶ್ನೆಯಲ್ಲಿದೆ.

ಮೇಲಿನ ಸಂಖ್ಯೆಯಷ್ಟೇ ಮುಖ್ಯ ಕೆಳಗಿನ ಸಂಖ್ಯೆ, ಅಂದರೆ ಭಾಜಕ. ನಮ್ಮ ಕೊನೆಯ ಜನಗಣತಿ 2011ರದ್ದು. ಆಗ ತುಮಕೂರು ಜಿಲ್ಲೆಯ ಜನಸಂಖ್ಯೆ 26.78 ಲಕ್ಷ. ಆಮೇಲಿನದೆಲ್ಲ ಅಂದಾಜು. ಸಾಂದ್ರತೆಯ ಲೆಕ್ಕಕ್ಕೂ ಇಂಥ ಅಂದಾಜು ಜನಸಂಖ್ಯೆಯೇ ಆಧಾರ. ದೆಹಲಿಯ ದೂರವಾಣಿ ಸಾಂದ್ರತೆ 250 ದಾಟಿರುವುದಕ್ಕೂ ಭಾಜಕವೇ ಒಂದು ಕಾರಣ. ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳ ಚಂದಾದಾರರು ದೆಹಲಿಯ ಲೆಕ್ಕಕ್ಕೆ ಸೇರುತ್ತಾರೆ. ಭಾಗಿಸುವುದು ಮಾತ್ರ ದೆಹಲಿಯ ಜನಸಂಖ್ಯೆಯಿಂದ.

ನಮ್ಮಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ದೆಹಲಿ, ಮುಂಬೈ, ಕೋಲ್ಕತ್ತಗಳಿಗೆ ಪ್ರತ್ಯೇಕ ದೂರಸಂಪರ್ಕ ವಲಯಗಳಿವೆ. ಬೆಂಗಳೂರಿಗೆ ಇಲ್ಲ, ಅದು ಕರ್ನಾಟಕ ವಲಯದೊಳಗೇ ಇದೆ. ಟ್ರಾಯ್‌ನ ತಿಂಗಳ ಪ್ರಕಟಣೆಯಲ್ಲಿ ಕರ್ನಾಟಕಕ್ಕೆ ಒಂದೇ ಸಾಲು. ಐಟಿ ಕಾರಿಡಾರಿನ ಸಿಮ್ಮುಗಳೂ ಪಾವಗಡದ ಸಿಮ್ಮುಗಳೂ ಅದೇ ಸಾಲಿನಲ್ಲಿ ಬೆರೆತಿವೆ. ‘ಕರ್ನಾಟಕದಲ್ಲಿ ಇಷ್ಟು’ ಎಂಬ ಅಂಕಿಯಿಂದ ಗುಬ್ಬಿಯ ಹಳ್ಳಿಯೊಂದರಲ್ಲಿ ಸಿಗ್ನಲ್ ಹೇಗಿದೆ ಎಂದು ತಿಳಿಯಲು ಸಾಧ್ಯವಿಲ್ಲ.

ವ್ಯಾಖ್ಯೆ ಬದಲಾದರೂ ಅಂಕಿ ಬದಲಾಗುತ್ತದೆ. 2004ರ ನೀತಿಯಂತೆ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್ ಆಯಿತು. ‘ಬ್ರಾಡ್‌ಬ್ಯಾಂಡ್ ಚಂದಾದಾರರ ಏರಿಕೆ’ ಎಂಬ ಗ್ರಾಫ್ ಬರೆಯುವವರು ಈ ಮೂರು ವರ್ಷಗಳಲ್ಲಿ ಒಂದೊಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಆಚೆ ಈಚೆ ಇರುವುದು ಒಂದೇ ವಸ್ತುವಲ್ಲ.

ಯಾವ 48?

ರಸ್ತೆಯ ವಿಷಯದಲ್ಲಿ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ರಾಷ್ಟ್ರೀಯ ಹೆದ್ದಾರಿ 48 ಯಾವುದು? ಈಗಿನವರು ‘ಬೆಂಗಳೂರಿನಿಂದ ತುಮಕೂರು, ಸಿರಾ ಮೇಲೆ ಪುಣೆಯ ಕಡೆಗೆ ಹೋಗುವುದು’ ಎನ್ನುತ್ತಾರೆ. ಸರಿ. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಡುವ ಮೊದಲು ಆ ರಸ್ತೆ ಹೆದ್ದಾರಿ 4. ಆಗಿನ 48 ಎಂದರೆ ನೆಲಮಂಗಲದಿಂದ ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ ಹೋಗುತ್ತಿದ್ದ ರಸ್ತೆ, ಇಂದಿನ 75. ಹಳೆಯ ಕೋಷ್ಟಕದಲ್ಲಿ 48ರ ಅಪಘಾತಗಳನ್ನು ನೋಡಿ, ಹೊಸ ಕೋಷ್ಟಕದ 48ರ ಜೊತೆ ಹೋಲಿಸಿದರೆ ಕುಣಿಗಲ್ ರಸ್ತೆಯ ಸಾವುಗಳನ್ನು ಸಿರಾ ರಸ್ತೆಯ ಸಾವುಗಳ ಜೊತೆ ತೂಗಿದಂತೆ. ಸಂಖ್ಯೆ ಅದೇ, ರಸ್ತೆ ಬೇರೆ.

ಉದ್ದದ ಲೆಕ್ಕಕ್ಕೂ ಇದೇ ಎಚ್ಚರ ಬೇಕು. 2014ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳ ಉದ್ದ 91,287 ಕಿ.ಮೀ. ಹತ್ತು ವರ್ಷದಲ್ಲಿ ಅದು 1.46 ಲಕ್ಷ ಕಿ.ಮೀ. ದಾಟಿತು. ಇಷ್ಟೂ ಹೊಸದಾಗಿ ಹಾಕಿದ ರಸ್ತೆಯಲ್ಲ. ರಾಜ್ಯ ಹೆದ್ದಾರಿಯನ್ನು ರಾಷ್ಟ್ರೀಯ ಹೆದ್ದಾರಿ ಎಂದು ಘೋಷಿಸಿದರೂ ಉದ್ದ ಹೆಚ್ಚುತ್ತದೆ. ಇನ್ನೊಂದು ಕಡೆ, ನೆಲಮಂಗಲ–ತುಮಕೂರು ರಸ್ತೆಯನ್ನು ಆರು ಪಥಕ್ಕೆ ಅಗಲಿಸಿದರೆ ಹೆದ್ದಾರಿಯ ಉದ್ದಕ್ಕೆ ಒಂದು ಕಿ.ಮೀ. ಕೂಡ ಸೇರುವುದಿಲ್ಲ. ಆದರೆ ‘ದಿನಕ್ಕೆ ಇಷ್ಟು ಕಿ.ಮೀ. ನಿರ್ಮಾಣ’ ಎಂಬ ಲೆಕ್ಕಕ್ಕೆ ಅಗಲಿಸಿದ ರಸ್ತೆಯೂ ಬರುತ್ತದೆ. ‘ಉದ್ದ’ ಮತ್ತು ‘ನಿರ್ಮಾಣ’ ಎಂಬ ಎರಡು ಶಬ್ದಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಮುಗಿಯುತ್ತದೆ.

ವಾಹನಗಳ ಲೆಕ್ಕದಲ್ಲೂ ‘ನೋಂದಣಿ’ ಎಂಬ ಶಬ್ದವನ್ನು ಗಮನಿಸಬೇಕು. ಕೆಎ–06 ಎಂದು ತುಮಕೂರಿನಲ್ಲಿ ನೋಂದಣಿಯಾದ ಬೈಕು ಬೆಂಗಳೂರಿನಲ್ಲಿ ಓಡುತ್ತಿರಬಹುದು. ಗುಜರಿಗೆ ಹೋಗಿ, ನೋಂದಣಿ ರದ್ದಾಗದೆ ಕಡತದಲ್ಲಿ ಉಳಿದಿರಬಹುದು. ನೋಂದಣಿಯಾದ ವಾಹನಗಳೆಲ್ಲ ಇವತ್ತು ಬಿ.ಎಚ್. ರಸ್ತೆಯಲ್ಲಿ ಓಡುವ ವಾಹನಗಳಲ್ಲ.

500 ಕೋಟಿ ಟಿಕೆಟ್

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈನಲ್ಲಿ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ಮುಟ್ಟಿತು. ಇದು ಮಹಿಳೆಯರ ಸಂಖ್ಯೆಯಲ್ಲ, ನಾಲ್ಕು ಸಾರಿಗೆ ನಿಗಮಗಳು ಕೊಟ್ಟ ಶೂನ್ಯ ಟಿಕೆಟ್‌ಗಳ ಸಂಖ್ಯೆ. ಗುಬ್ಬಿಯಿಂದ ತುಮಕೂರಿಗೆ ಬಂದು, ಬಸ್ ಬದಲಿಸಿ ಬೆಂಗಳೂರಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸಾಗುವ ಒಬ್ಬ ಮಹಿಳೆ ಒಂದೇ ದಿನದಲ್ಲಿ ನಾಲ್ಕು ಟಿಕೆಟ್. ನಗರ ಸಾರಿಗೆಯಲ್ಲಿ ಮೂರು ಕಿ.ಮೀ. ಹೋದರೂ ಒಂದು ಟಿಕೆಟ್, ಬೆಂಗಳೂರಿಗೆ 70 ಕಿ.ಮೀ. ಹೋದರೂ ಒಂದು ಟಿಕೆಟ್. ಎಷ್ಟು ಜನ, ಎಷ್ಟು ದೂರ ಎಂದು ತಿಳಿಯಬೇಕಾದರೆ ಬೇರೆ ಅಳತೆಗಳು ಬೇಕು.

ಹಿಂದಿನ ವರ್ಷಗಳ ಜೊತೆ ಹೋಲಿಸುವಾಗ ಇನ್ನೊಂದು ಸಂಗತಿ ನೆನಪಿರಲಿ. ವಿದ್ಯಾರ್ಥಿನಿ ಪಾಸ್ ತೋರಿಸಿ ಹತ್ತುತ್ತಿದ್ದಾಗ ಪ್ರತಿ ಪ್ರಯಾಣಕ್ಕೂ ಕಂಡಕ್ಟರ್ ಟಿಕೆಟ್ ಹರಿಯುತ್ತಿರಲಿಲ್ಲ. ಈಗ ಅವಳಿಗೂ ಪ್ರತಿ ಸಲ ಶೂನ್ಯ ಟಿಕೆಟ್ ಬರುತ್ತದೆ. ಹೊಸದಾಗಿ ಬಸ್ ಹತ್ತಿದವರು ನಿಜಕ್ಕೂ ಬಹಳ ಜನ. ಅದರ ಜೊತೆಗೆ ಮೊದಲಿಂದಲೂ ಹತ್ತುತ್ತಿದ್ದವರು ಈಗ ಒಂದೊಂದು ಪ್ರಯಾಣವಾಗಿ ಎಣಿಕೆಗೆ ಸಿಗುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಓಡುವ ಖಾಸಗಿ ಬಸ್ಸುಗಳ ಪ್ರಯಾಣಿಕರು ಮಾತ್ರ ನಿಗಮದ ಲೆಕ್ಕದಲ್ಲಿ ಎಲ್ಲೂ ಇಲ್ಲ.

ರೈಲಿಗೆ ಬನ್ನಿ. ಗುಬ್ಬಿಗೂ ರೈಲು ನಿಲ್ದಾಣವಿದೆ, ಕುಣಿಗಲ್‌ಗೂ ಇದೆ. ‘ರೈಲು ಸಂಪರ್ಕವಿರುವ ತಾಲ್ಲೂಕು’ ಎಂಬ ಕಾಲಂನಲ್ಲಿ ಎರಡಕ್ಕೂ ಟಿಕ್ ಬೀಳುತ್ತದೆ. ಗುಬ್ಬಿ ಇರುವುದು ಬೆಂಗಳೂರು–ತುಮಕೂರು–ಅರಸೀಕೆರೆ ಮಾರ್ಗದಲ್ಲಿ. ಕುಣಿಗಲ್ ಇರುವುದು 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗದಲ್ಲಿ. ಕುಣಿಗಲ್ ಹುಡುಗನಿಗೆ ಆ ರೈಲು ಬೆಂಗಳೂರಿಗೆ ಸರಿ. ತನ್ನದೇ ಜಿಲ್ಲಾ ಕೇಂದ್ರದ ಕಾಲೇಜಿಗೆ ಬರಬೇಕಾದರೆ ಅವನಿಗೆ ಗತಿ ಬಸ್ಸೇ. ರೈಲಿನಲ್ಲಿ ಬರುತ್ತೇನೆಂದರೆ ಬೆಂಗಳೂರಿನ ಕಡೆಗೆ ಹೋಗಿ ಸುತ್ತಿಕೊಂಡು ಬರಬೇಕು. ಕಾಲಂನಲ್ಲಿರುವ ಟಿಕ್ ಸತ್ಯವೇ. ಆದರೆ ಅವನು ಕೇಳಿದ ಪ್ರಶ್ನೆಯೇ ಬೇರೆ.

ಎಣಿಕೆಗೆ ಸಿಗದ ವಿದ್ಯಾರ್ಥಿ

ಜನ ದಿನಾ ಎಲ್ಲಿಗೆ, ಹೇಗೆ ಹೋಗುತ್ತಾರೆ ಎಂದು ದೇಶವೇ ಕೇಳಿದ್ದು ಉಂಟು. 2011ರ ಜನಗಣತಿಯಲ್ಲಿ ಕೆಲಸದ ಜಾಗ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂಬ ಪ್ರಶ್ನೆಯಿತ್ತು. ನಡೆದುಕೊಂಡೇ, ಸೈಕಲ್ಲೇ, ಬಸ್ಸೇ, ರೈಲೇ ಎಂದು ಉತ್ತರಗಳ ಪಟ್ಟಿಯೂ ಇತ್ತು. ಆದರೆ ಅದನ್ನು ಕೇಳಿದ್ದು ‘ಇತರೆ ಕೆಲಸಗಾರರು’ ಎಂಬ ಗುಂಪನ್ನು ಮಾತ್ರ. ಬೇಸಾಯಗಾರರು, ಕೃಷಿ ಕೂಲಿಗಳು ಅದರಲ್ಲಿಲ್ಲ. ಕಾಲೇಜಿಗೆ ಹೋಗುವವರೂ ಇಲ್ಲ. ಬೆಳಿಗ್ಗೆ ಗುಬ್ಬಿ ಬಸ್ ನಿಲ್ದಾಣದಲ್ಲಿ ಬ್ಯಾಗ್ ಹೊತ್ತು ನಿಂತವರು ಆ ಕೋಷ್ಟಕದ ಪ್ರಕಾರ ಪ್ರಯಾಣವನ್ನೇ ಮಾಡುವುದಿಲ್ಲ.

ಟಿಕೆಟ್ ಲೆಕ್ಕದಲ್ಲೂ ಇಂಥದೇ ಒಂದು ಕುರುಡು ಜಾಗವಿದೆ. ಬಸ್ ಹತ್ತಿದವರಿಗೆ ಟಿಕೆಟ್ ಇದೆ. ತುಂಬಿದ ಬಸ್ ನಿಲ್ಲಿಸದೆ ಹೋದಾಗ ನಿಲ್ದಾಣದಲ್ಲೇ ಉಳಿದವರಿಗೆ ಟಿಕೆಟ್ ಇಲ್ಲ. ಅಂದರೆ ಬಸ್ಸಿನ ಅಗತ್ಯ ಯಾರಿಗೆ ಹೆಚ್ಚೋ ಅವರೇ ಲೆಕ್ಕದ ಹೊರಗಿದ್ದಾರೆ. ‘ಈ ಮಾರ್ಗದಲ್ಲಿ ಬೇಡಿಕೆ ಇಷ್ಟೇ’ ಎಂದು ಟಿಕೆಟ್ ನೋಡಿ ತೀರ್ಮಾನಿಸಿದರೆ, ಮೊದಲ ಪೀರಿಯಡ್ ತಪ್ಪಿಸಿಕೊಂಡವರ ಹಾಜರಾತಿ ಕೊರತೆಗೆ ಯಾವ ಕಡತದಲ್ಲೂ ಕಾರಣ ಸಿಗುವುದಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಓದುವಾಗ ಪ್ರತಿ ಅಂಕಿಯ ಪಕ್ಕ ನಾಲ್ಕು ಪ್ರಶ್ನೆ ಬರೆದುಕೊಳ್ಳಬಹುದು. ಎಣಿಸಿದ್ದು ಏನನ್ನು? ಯಾವಾಗ? ಯಾವುದರಿಂದ ಭಾಗಿಸಿದ್ದು? ಬಿಟ್ಟುಹೋದವರು ಯಾರು? ಮುಖ್ಯ ಪರೀಕ್ಷೆಯ ಪ್ರಬಂಧಕ್ಕೂ ಸಂದರ್ಶನಕ್ಕೂ ಬರೀ ಬಾಯಿಪಾಠದ ಅಂಕಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಎರಡನೆಯದು, ನಾವೇ ಎಣಿಸುವುದು. ನಾಲ್ಕೈದು ಗೆಳೆಯರು ಸೇರಿ ಒಂದು ವಾರ, ಒಂದೇ ನಿಲ್ದಾಣದಲ್ಲಿ, ದಿನಾ ಬೆಳಿಗ್ಗೆ 7.30ರಿಂದ 9.30ರವರೆಗೆ ಮೂರು ಕಾಲಂ ತುಂಬಿದರೆ ಸಾಕು: ಬಂದ ಬಸ್ಸುಗಳು, ನಿಂತ ಬಸ್ಸುಗಳು, ಹತ್ತಲಾಗದೆ ಉಳಿದವರು. ಆ ಮಾರ್ಗದ ನಿಗದಿತ ವೇಳಾಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟರೆ ‘ಬಸ್ ಸಾಲದು’ ಎಂಬ ದೂರು ಅಧಿಕಾರಿ ಪರಿಶೀಲಿಸಲೇಬೇಕಾದ ಲೆಕ್ಕವಾಗುತ್ತದೆ.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಕೋಷ್ಟಕಗಳು ಬಂದಾಗ ಜನಸಂಖ್ಯೆ ಎಷ್ಟಾಯಿತು ಎಂದು ಎಲ್ಲರೂ ನೋಡುತ್ತಾರೆ. ನಾವು ಇನ್ನೊಂದು ಪುಟವನ್ನೂ ತೆರೆಯಬೇಕು. ಓದಲು ಊರು ಬಿಟ್ಟು ಊರಿಗೆ ದಿನಾ ಓಡಾಡುವವರು ಈ ಸಲವಾದರೂ ಲೆಕ್ಕಕ್ಕೆ ಬಂದಿದ್ದಾರೆಯೇ ಎಂದು ಅಲ್ಲಿ ಹುಡುಕಬೇಕು.