ಓಣಿಯ ಹಬ್ಬಕ್ಕೆ ಒಂದೇ ಅರ್ಜಿ ಸಾಕು

ಹೊಸಪೇಟೆಯ ಓಣಿಯೊಂದರಲ್ಲಿ ಗಣೇಶನನ್ನು ಕೂರಿಸಲು, ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟಲು, ರಸ್ತೆಗೆ ಶಾಮಿಯಾನ ಹಾಕಿ ಅನ್ನಸಂತರ್ಪಣೆ ಮಾಡಲು ಮೊದಲು ಅನುಮತಿ ಬೇಕು. ರಸ್ತೆ ನಗರಸಭೆಯದು, ಸಂಚಾರ, ಧ್ವನಿವರ್ಧಕ ಪೊಲೀಸರ ಹೊಣೆ, ವಿದ್ಯುತ್ ಜೆಸ್ಕಾಂನದು, ಬೆಂಕಿಯ ಮುನ್ನೆಚ್ಚರಿಕೆ ಅಗ್ನಿಶಾಮಕ ಇಲಾಖೆಯದು. ಈ ಅಲೆದಾಟ ತಪ್ಪಿಸಲು ಗಣೇಶ ಚತುರ್ಥಿಯ ಹೊತ್ತಿಗೆ ರಾಜ್ಯದ ಹಲವು ನಗರಗಳಲ್ಲಿ ಏಕಗವಾಕ್ಷಿ ವ್ಯವಸ್ಥೆ ಮಾಡಲಾಗುತ್ತದೆ. ಅದು ಒಂದು ಹಬ್ಬಕ್ಕೆ ಸೀಮಿತವಾಗದೆ, ಎಲ್ಲ ಓಣಿಗಳ ಎಲ್ಲ ಹಬ್ಬಗಳಿಗೂ ವರ್ಷವಿಡೀ ಸಿಗಬೇಕು.

ಯಾರಿಗೆ ಅರ್ಜಿ ಕೊಡಬೇಕು ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಸಪೇಟೆಯಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಸಂಡೂರು ಮತ್ತು ಕಂಪ್ಲಿಯಲ್ಲಿ ಪುರಸಭೆಯ ಮುಖ್ಯಾಧಿಕಾರಿಗೆ ಅರ್ಜಿ ಸಲ್ಲಬೇಕು. ಧ್ವನಿವರ್ಧಕದ ಪರವಾನಗಿಗೂ ಶಾಂತಿಯುತ ಸಭೆ, ಮೆರವಣಿಗೆಯ ಅನುಮತಿಗೂ ಪೊಲೀಸ್ ಇಲಾಖೆಗೆ ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧು ಮೂಲಕವೇ ಅರ್ಜಿ ಹಾಕಬಹುದು.

ಒಳ್ಳೆಯ ಅರ್ಜಿ ಒಂದು ಹಾಳೆಯಷ್ಟಿದ್ದರೂ ಸಾಕು. ದಿನಾಂಕ, ಆರಂಭ ಮತ್ತು ಮುಕ್ತಾಯದ ವೇಳೆ, ಸೇರುವ ಜನರ ಅಂದಾಜು, ಹೊಣೆ ಹೊತ್ತವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಅದರಲ್ಲಿರಬೇಕು. ಜೊತೆಗೆ ಕೈಯಲ್ಲೇ ಬರೆದ ಒಂದು ನಕ್ಷೆ: ಓಣಿಯ ಅಗಲ ಎಷ್ಟು, ಪೆಂಡಾಲ್ ಎಷ್ಟು ಜಾಗ ಹಿಡಿಯುತ್ತದೆ, ಆಂಬುಲೆನ್ಸ್ ಬಂದರೆ ಯಾವ ಕಡೆಯಿಂದ ಸಾಗುತ್ತದೆ, ವಿದ್ಯುತ್ ತಂತಿ ಎಲ್ಲಿ ಹಾದಿದೆ. ತಾತ್ಕಾಲಿಕ ಪೆಂಡಾಲ್‌ಗಳ ಅಗ್ನಿಸುರಕ್ಷತೆಗೆಂದೇ ಇರುವ ಭಾರತೀಯ ಮಾನಕದ ಪ್ರಕಾರ ಪೆಂಡಾಲಿನ ಎತ್ತರ ಕನಿಷ್ಠ 3 ಮೀಟರ್ ಇರಬೇಕು, ಅಕ್ಕಪಕ್ಕದ ಕಟ್ಟಡಗಳಿಂದ 3 ಮೀಟರ್ ಜಾಗ ಬಿಡಬೇಕು, ವಿದ್ಯುತ್ ಹರಿಯುವ ತಂತಿಯ ಕೆಳಗೆ ಪೆಂಡಾಲ್ ಹಾಕಬಾರದು. ಕಂಬಕ್ಕೆ ಕೊಂಡಿ ಹಾಕಿ ವಿದ್ಯುತ್ ಪಡೆಯುವುದು ಅಪರಾಧವಷ್ಟೇ ಅಲ್ಲ, ಮಳೆಗಾಲದ ಹಬ್ಬಗಳಲ್ಲಿ ಜೀವಕ್ಕೇ ಅಪಾಯ. ಅದರ ಬದಲು ಹಣ ಕಟ್ಟಿ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಬ್ಯಾನರ್ ಕಟ್ಟುವವರು 1981ರ ಕರ್ನಾಟಕ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆಯನ್ನೂ ಮರೆಯಬಾರದು.

ಅನುಮತಿ ಸಿಕ್ಕ ಮೇಲೂ ಜಗಳ ಹುಟ್ಟುವುದು ಹೆಚ್ಚಾಗಿ ಸದ್ದಿನಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಪಕ್ಕದ ಮನೆಯ ಹಸುಗೂಸು, ಹಾಸಿಗೆ ಹಿಡಿದ ವೃದ್ಧರು, ಪರೀಕ್ಷೆಗೆ ಓದುವ ಮಕ್ಕಳು ಈ ಅಂಕಿಗಳ ಹಿಂದಿದ್ದಾರೆ. ಅವರಿಗೆ ನೆಮ್ಮದಿ ಇಲ್ಲದಿದ್ದರೆ ಅದು ಓಣಿಯ ಹಬ್ಬವೇ ಅಲ್ಲ.

ಜಾಗದ ಗುಣವನ್ನೂ ನೋಡಬೇಕು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗುತ್ತದೆ. ಅಂಥ ದಿನಗಳಲ್ಲಿ ವಿಸರ್ಜನೆಗೆ ನದಿಗೆ ಇಳಿಯದಂತೆ ತಡೆಯುವುದು ಆಡಳಿತದ ಕರ್ತವ್ಯ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಕಟ್ಟಲೆ ಬೇರೆ. 1959ರ ಪ್ರಾಚೀನ ಸ್ಮಾರಕಗಳ ನಿಯಮಗಳಂತೆ ಸಂರಕ್ಷಿತ ಸ್ಮಾರಕದೊಳಗೆ ಸಭೆ, ಸತ್ಕಾರ, ಮನರಂಜನೆ ನಡೆಸಲು ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು; ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಮಾತ್ರ ವಿನಾಯಿತಿ.

ಕಟ್ಟುಪಾಡುಗಳ ಜೊತೆಗೆ ಹಕ್ಕೂ ಇದೆ. ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. 1972ರ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ಸಭೆ ನಡೆಸುವುದನ್ನು ನಿಯಂತ್ರಿಸಬಹುದು, ಆದರೆ ಮಾನದಂಡವೇ ಇಲ್ಲದೆ ಅಧಿಕಾರಿಯ ಮರ್ಜಿಗೆ ಅದನ್ನು ಬಿಡಲಾಗದು ಎಂದು ಪೊಲೀಸ್ ನಿಯಮವೊಂದನ್ನು ರದ್ದುಪಡಿಸಿತು. ಸಾರ್ವಜನಿಕ ಜಾಗಗಳಲ್ಲಿ ಖಾಸಗಿ ಸಂಘಟನೆಗಳ ಕಾರ್ಯಕ್ರಮಕ್ಕೆ ಪೂರ್ವಾನುಮತಿ ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶಕ್ಕೆ ಹೈಕೋರ್ಟಿನ ಧಾರವಾಡ ಪೀಠ ಅದೇ ತಿಂಗಳು ಮಧ್ಯಂತರ ತಡೆ ನೀಡಿತು.

ಅಧಿಕಾರಿಗಳು ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಷರತ್ತು ಮತ್ತು ಶುಲ್ಕದ ಪಟ್ಟಿ ಕನ್ನಡದಲ್ಲಿ ಕಚೇರಿಯ ಗೋಡೆಯ ಮೇಲಿರಲಿ. ಗಣೇಶೋತ್ಸವಕ್ಕೂ ಮೊಹರಂಗೂ ಅಂಬೇಡ್ಕರ್ ಜಯಂತಿಗೂ ಅದೇ ಪಟ್ಟಿ ಅನ್ವಯಿಸಲಿ. ಅರ್ಜಿಗೆ ಅಂದೇ ಸ್ವೀಕೃತಿ ಸಿಗಲಿ. ಹಬ್ಬಕ್ಕೆ ಸಾಕಷ್ಟು ಮುಂಚೆ ಉತ್ತರ ಬರಲಿ. ನಿರಾಕರಿಸಿದರೆ ಕಾರಣ ಬರಹದಲ್ಲಿರಲಿ. ಓಣಿಯವರೂ ಕೊನೆಯ ದಿನದವರೆಗೆ ಕಾಯದೆ, ಪುಢಾರಿಯ ಶಿಫಾರಸು ಹುಡುಕದೆ, ನೆರೆಯವರ ಒಪ್ಪಿಗೆ ಪಡೆದು ಅರ್ಜಿ ಸಲ್ಲಿಸಲಿ.